ಇದನ್ನ ಮೊದಲು ಯಾರು ಬಿಚ್ಚಿದ್ದು?

ಸುಟ್ಟ ಮೋಟಾರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ‘ಇದನ್ನ ಮೊದಲು ಯಾರು ಬಿಚ್ಚಿದ್ದು?’ ಎಲ್ಲಿಂದ ಬಂದಿರಿ, ನೀರು ಕುಡೀತೀರಾ, ಅವೆಲ್ಲ ಆಮೇಲೆ. ಮಧುಗಿರಿಯಲ್ಲಿ ಈ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದು ನಮ್ಮಪ್ಪ. ಅಪ್ಪನ ಕಣ್ಣು ಮಂಜಾದ ಮೇಲೆ ಆ ಸ್ಟೂಲಿನ ಮೇಲೆ ನಾನು ಕೂತೆ. ಬೋರ್‌ವೆಲ್ಲಿಂದ ಎತ್ತಿ ತಂದ ಮೋಟಾರುಗಳ ಹೊಟ್ಟೆ ಸೀಳಿ, ಸುಟ್ಟ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೂರಿಸುವುದು ಕೆಲಸ. ಹೆಂಗಸು ಮೋಟಾರು ಕಟ್ಟುತ್ತಾಳೆಂದು ಮೊದಮೊದಲು ಬಾಗಿಲಲ್ಲೇ ನಿಂತು ಬೆರಗಾಗಿ ನೋಡುತ್ತಿದ್ದವರು ಈಗ ಒಳಗೇ ಬಂದು ಕೂತು ಜಗಳ ಆಡುತ್ತಾರೆ.

ಅಪ್ಪ ಕಲಿಸಿದ ಮೊದಲ ಪಾಠ ತಂತಿ ಸುತ್ತುವುದಲ್ಲ, ಈ ಪ್ರಶ್ನೆ ಕೇಳುವುದು. ಕೇಳಿದರೆ ಯಾವನೋ ಒಬ್ಬ ಮೆಕ್ಯಾನಿಕ್ಕಿನ ಹೆಸರು ಬಂದೇ ಬರುತ್ತದೆ. ಆಗ ಲೊಚಗುಟ್ಟಿ, ‘ಅದಕ್ಕೇ ಮತ್ತೆ’ ಎನ್ನಬೇಕು. ಅಷ್ಟು ಸಾಕು. ಹಿಂದಿನವನು ಕೆಡಿಸಿದ, ನಾನು ಸರಿಮಾಡುತ್ತೇನೆ, ಸರಿಹೋಗದಿದ್ದರೆ ನನ್ನ ತಪ್ಪಲ್ಲ, ಎಲ್ಲವೂ ಅದರಲ್ಲಿ ಬಂತು. ಶಿರಾದವರು ಮಧುಗಿರಿಯವರ ತಲೆ ಮೇಲೆ, ಮಧುಗಿರಿಯವರು ಕೊರಟಗೆರೆಯವರ ತಲೆ ಮೇಲೆ, ಕೊರಟಗೆರೆಯವರು ಪಾವಗಡದವರ ತಲೆ ಮೇಲೆ ಗೂಬೆ ಕೂರಿಸಿಕೊಂಡು ನಾಲ್ಕು ತಾಲ್ಲೂಕಿನ ಮೆಕ್ಯಾನಿಕ್ಕುಗಳು ನೆಮ್ಮದಿಯಾಗಿಯೇ ಇದ್ದೆವು. ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಅಂದುಕೊಂಡಿದ್ದೆ. ಒಂದು ಬುಧವಾರ ನನ್ನ ತಮ್ಮ ಗಿಟಾರ್ ತಂದು ನನ್ನ ಮೇಜಿನ ಮೇಲೆ ಮಲಗಿಸಿದ.

ಈ ತಮ್ಮನ ವಿಷಯ ಹೇಳಲು ಹೊರಟರೆ ನನಗೆ ಸಿಟ್ಟೇ ಮೊದಲು ಬರುತ್ತದೆ. ನಲವತ್ತು ದಾಟಿದೆ. ಹೊಳವನಹಳ್ಳಿಯಲ್ಲಿ ಮನೆ, ಕೊರಟಗೆರೆಯ ಒಂದು ಕಚೇರಿಯಲ್ಲಿ ಗುಮಾಸ್ತ. ವಾರವೆಲ್ಲ ಫೈಲು ಕಟ್ಟುತ್ತಾನೆ. ರಜೆ ಬಂತೆಂದರೆ ಹೊಳೆಯುವ ಅಂಗಿ ತೊಟ್ಟು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಲು ಹೋಗುತ್ತಾನೆ. ಮದುವೆ, ನಾಮಕರಣ, ಬೀಗರೂಟ, ಎಲ್ಲಿ ಕರೆದರೆ ಅಲ್ಲಿ. ಆ ಗಿಟಾರನ್ನೋ, ತಂಡ ಬಿಟ್ಟುಹೋದ ಯಾರಿಂದಲೋ ಹಳೆಯದನ್ನೇ ಕೊಂಡಿದ್ದ. ಅವನ ಹೆಂಡತಿ ಅದನ್ನು ‘ನನ್ ಸವತಿ’ ಎಂದೇ ಕರೆಯುವುದು. ಮಂಚದ ಕೆಳಗೆ ಅದಕ್ಕೊಂದು ಹಾಸಿಗೆಯೂ ಇದೆ.

ಇತ್ತೀಚೆಗೆ ಆ ಸವತಿ ಹಟ ಹಿಡಿದಿದ್ದಳು. ಸದ್ದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಮದುವೆಯಲ್ಲಿ ಹಾಡಿನ ನಟ್ಟನಡುವೆ ನಿಂತುಹೋಗಿ ಇವನು ಸುಮ್ಮನೆ ಕೈ ಆಡಿಸಿಕೊಂಡು ನಿಂತಿದ್ದನಂತೆ. ತಂಡದ ಯಜಮಾನ ಹೊಸ ಕೀಬೋರ್ಡ್ ತಂದಿದ್ದ. ಅದರಲ್ಲಿ ಗಿಟಾರಿನ ಸದ್ದೂ ಬರುತ್ತದೆ, ಕೊಳಲಿನ ಸದ್ದೂ ಬರುತ್ತದೆ, ಬೇಕಾದರೆ ನಾಯಿ ಬೊಗಳುವುದೂ ಬರುತ್ತದೆ. ಅವನು ನೇರವಾಗಿಯೇ ಹೇಳಿಬಿಟ್ಟಿದ್ದ. ಬರುವ ಭಾನುವಾರ ಪಾವಗಡದಲ್ಲಿ ಒಂದು ಬೀಗರೂಟ. ಅಲ್ಲಿ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಗಿಟಾರ್ ನುಡಿಯಬೇಕು. ನುಡಿಯದಿದ್ದರೆ ಮುಂದಿನ ಕಾರ್ಯಕ್ರಮಕ್ಕೆ ಬರುವುದು ಬೇಡ.

ಅರ್ಧ ದಿನ ರಜೆ ಹಾಕಿ ಬಂದವನು ನನ್ನೆದುರು ಸಪ್ಪೆ ಮುಖ ಹಾಕಿಕೊಂಡು ಕೂತ. ಹದಿನೆಂಟು ವರ್ಷದಿಂದ ನುಡಿಸಿಕೊಂಡು ಬಂದಿದ್ದೇನೆ, ಇದನ್ನೂ ಬಿಟ್ಟರೆ ನನಗೆ ಆ ಫೈಲುಗಳು ಬಿಟ್ಟು ಏನಿದೆ ಎಂದ. ಆ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಆದರೆ ಹಾಗೆಂದು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ. ಇಷ್ಟು ದಿನ ಏನು ಕತ್ತೆ ಕಾಯ್ತಿದ್ದೆ, ಭಾನುವಾರ ಹತ್ತಿರ ಬಂದ ಮೇಲೆ ತಂದಿದ್ದೀಯಲ್ಲ ಎಂದು ಬೈದೆ.

‘ನಿಂಗೆ ತಂತಿ ಸುತ್ತೋದು ಗೊತ್ತಲ್ಲ. ಇದೂ ಸುತ್ತಿರೋದೇ ಕಣಕ್ಕ’ ಎಂದ.

ಬಿಚ್ಚಿ ನೋಡಿದೆ. ಗಿಟಾರಿನ ತಂತಿಗಳ ಕೆಳಗೆ ನಡುಬೆರಳಿನಷ್ಟು ಉದ್ದದ ಒಂದು ಡಬ್ಬಿ. ಅದನ್ನು ಪಿಕಪ್ ಅನ್ನುತ್ತಾರೆ. ಒಳಗೆ ಸಾಲಾಗಿ ಆರು ಅಯಸ್ಕಾಂತದ ಮೊಳೆ, ಅವುಗಳ ಸುತ್ತ ಕೂದಲಿಗಿಂತ ಸಣ್ಣನೆಯ ತಾಮ್ರದ ತಂತಿ ಸಾವಿರಾರು ಸುತ್ತು, ಮೇಲೆ ಮೇಣ. ಗಿಟಾರಿನ ತಂತಿ ನಡುಗಿದರೆ ಈ ಸುರುಳಿಯಲ್ಲಿ ಇಷ್ಟೇ ಇಷ್ಟು ಕರೆಂಟು ಹುಟ್ಟುತ್ತದೆ. ಅದು ಆಂಪ್ಲಿಫೈಯರಿಗೆ ಹೋಗಿ ಸದ್ದಾಗುತ್ತದೆ. ಹತ್ತು ಎಚ್‌ಪಿ ಮೋಟಾರು ಕಟ್ಟುವವಳಿಗೆ ಇದ್ಯಾವ ಮಹಾ ಎಂದುಕೊಂಡೆ. ನಾನು ಕೆಟ್ಟಿದ್ದು ಅಲ್ಲೇ.

ವೈಂಡಿಂಗ್ ಅಂಗಡಿಗೆ ಬಂದವರು ಗೋಡೆಯಲ್ಲಿ ಒಂದು ದಪ್ಪ ಬಲ್ಬು ನೋಡಿರುತ್ತೀರಿ. ಸೀರೀಸ್ ಬಲ್ಬು ಅನ್ನುತ್ತೇವೆ. ಮನೆಗೆ ಬರುವ ಕರೆಂಟೇ ಆ ಬಲ್ಬಿನ ಮೂಲಕ ಹಾದು ಎರಡು ವೈರಿಗೆ ಬಂದಿರುತ್ತದೆ. ಆ ವೈರುಗಳನ್ನು ಮೋಟಾರಿನ ಸುರುಳಿಯ ಎರಡು ತುದಿಗೆ ಮುಟ್ಟಿಸಿದರೆ, ಸುರುಳಿ ಗಟ್ಟಿಯಾಗಿದ್ದರೆ ಬಲ್ಬು ಹತ್ತುತ್ತದೆ, ತುಂಡಾಗಿದ್ದರೆ ಹತ್ತುವುದಿಲ್ಲ. ಮೋಟಾರಿನ ದಪ್ಪ ತಂತಿಗೆ ಅದು ಲೆಕ್ಕಕ್ಕೇ ಇಲ್ಲ. ಪಕ್ಕದ ಡ್ರಾಯರಿನಲ್ಲಿ ಬ್ಯಾಟರಿ ಹಾಕಿದ ಮೀಟರು ಇದೆ, ಆದರೆ ಯಾರು ತೆಗೆಯುತ್ತಾರೆ? ಕೈಗೆ ಬಲ್ಬೇ ಅಭ್ಯಾಸ. ಎದುರಿಗೆ ಸುರುಳಿ ಕಂಡರೆ ಕೈ ತಾನಾಗಿ ಆ ವೈರುಗಳ ಕಡೆ ಹೋಗುತ್ತದೆ.

ತಮ್ಮ ಟೀ ತರಲು ಹೋಗಿದ್ದ. ನಾನು ಪಿಕಪ್ಪಿನ ಎರಡು ತುದಿಗೆ ವೈರು ಮುಟ್ಟಿಸಿದೆ. ಬಲ್ಬು ಹತ್ತಲಿಲ್ಲ. ಸರಿಯಾಗಿ ಹಿಡಿದಿಲ್ಲವೇನೋ ಎಂದು ಕ್ಲಿಪ್ಪು ಹಾಕಿದೆ. ಅಷ್ಟರಲ್ಲಿ ಫೋನು ಬಂತು. ಗೌಡಗೆರೆಯ ರೈತನೊಬ್ಬ, ನಾನು ಕಟ್ಟಿಕೊಟ್ಟ ಮೋಟಾರು ಎರಡನೇ ಸಲ ಸುಟ್ಟಿದೆ, ನಿಮ್ಮ ತಂತಿಯೇ ಸರಿ ಇಲ್ಲ ಎಂದ. ನನಗೆ ಪಿತ್ತ ನೆತ್ತಿಗೇರಿತು. ವೋಲ್ಟೇಜು ಇಲ್ಲದಾಗ ಓಡಿಸಬೇಡಿ ಎಂದು ಬಾಯಿ ಬಡಿದುಕೊಂಡು ಹೇಳಿದ್ದೆ. ಕ್ಲಿಪ್ಪು ಹಾಕಿದ್ದು ಮರೆತು ಬಾಗಿಲಿಗೆ ಹೋಗಿ, ಬೀದಿಗೆ ಕೇಳುವ ಹಾಗೆ ಅವನ ಜತೆ ಜಗಳಕ್ಕೆ ನಿಂತೆ. ಕಟ್ಟಿದ್ದು ನಾನು, ಆಮೇಲೆ ಬಿಚ್ಚಿದ್ದು ಯಾರು ಹೇಳಿ ಎಂದು ಅವನಿಗೂ ಅದೇ ಪ್ರಶ್ನೆ ಹಾಕಿದೆ.

ಮೇಣ ಕರಗಿದ ವಾಸನೆ ಬಂತು. ತಿರುಗಿ ನೋಡಿದರೆ ಮೇಜಿನಿಂದ ಹೊಗೆ ಏಳುತ್ತಿದೆ. ಅಷ್ಟು ಹೊತ್ತು ಸುಮ್ಮನಿದ್ದ ಬಲ್ಬು ಆಗ ಹತ್ತಿತು, ಜಗಮಗ ಅಂತ.

ಸ್ವಿಚ್ ಆರಿಸಿದೆ. ಅಷ್ಟು ಸಣ್ಣ ತಂತಿ ಬಲ್ಬು ಹತ್ತುವಷ್ಟು ಕರೆಂಟು ಬಿಡದೆ, ಒಳಗೊಳಗೇ ಕಾದು ಕರಗಿ ಒಂದಕ್ಕೊಂದು ಅಂಟಿ ಕಪ್ಪಾಗಿತ್ತು, ಪ್ಲಾಸ್ಟಿಕ್ ಡಬ್ಬಿಯ ಒಂದು ಅಂಚು ಸೊಟ್ಟಗಾಗಿತ್ತು. ಆಮೇಲೆ ಗಿಟಾರಿನ ಒಳಗೆ ನೋಡಿದೆ. ನನ್ನ ಕರ್ಮ ನೋಡಿ. ಪಿಕಪ್ಪಿನಿಂದ ಬಂದ ಕರಿ ವೈರು ಬೆಸುಗೆ ಬಿಟ್ಟು ಜೋತಾಡುತ್ತಿತ್ತು. ತೊಂದರೆ ಇದ್ದದ್ದೇ ಅಷ್ಟು. ಒಂದು ಚುಕ್ಕೆ ಬೆಸುಗೆ, ಎರಡು ನಿಮಿಷದ ಕೆಲಸ. ಮೊದಲು ಅಲ್ಲಿ ನೋಡಿದ್ದರೆ ತಮ್ಮ ಟೀ ತರುವುದರೊಳಗೆ ಗಿಟಾರ್ ಹಾಡುತ್ತಿತ್ತು.

ತಮ್ಮ ಎರಡು ಲೋಟ ಹಿಡಿದು ಒಳಗೆ ಬಂದ. ಮೂಗು ಅರಳಿಸಿ, ಏನೋ ಸುಟ್ಟ ವಾಸನೆ ಎಂದ. ನಾನು ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿ ತೆರೆದಾಗ ಬಂದದ್ದು ಇಪ್ಪತ್ತೆರಡು ವರ್ಷದಿಂದ ಬರುತ್ತಿರುವ ಮಾತು.

‘ಇದನ್ನ ಮೊದಲು ಯಾರು ಬಿಚ್ಚಿದ್ದು?’

‘ಸಿರಾದ ಸಾಹೇಬ್ರು. ಎರಡು ತಿಂಗಳಾಯ್ತು, ವಾಲ್ಯೂಮ್ ತಿರುಪು ಕರಕರ ಅಂತಿತ್ತು ಅಂತ ಕೊಟ್ಟಿದ್ದೆ.’

‘ಅದಕ್ಕೇ ಮತ್ತೆ’ ಎಂದೆ.

ಈ ಸಾಹೇಬರು ಶಿರಾದಲ್ಲಿ ಜಾಮಿಯಾ ಮಸೀದಿಯ ಹತ್ತಿರದ ಸಂದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ಎಪ್ಪತ್ತು ದಾಟಿದೆ. ರೇಡಿಯೋ ಕಾಲ ಮುಗಿದ ಮೇಲೆ ಆರ್ಕೆಸ್ಟ್ರಾದವರ ಮೈಕು, ಆಂಪ್ಲಿಫೈಯರುಗಳೇ ಅವರ ಜೀವನ. ನಮ್ಮಪ್ಪನಿಗೆ ಚೆನ್ನಾಗಿ ಪರಿಚಯ. ನಾನು ಲಂಗ ತೊಡುತ್ತಿದ್ದ ಕಾಲದಿಂದ ಅವರನ್ನು ಬಲ್ಲೆ. ಅಂಥವರ ಹೆಸರು ಬಂದಾಗಲಾದರೂ ಬಾಯಿ ಮುಚ್ಚಿಕೊಳ್ಳಬೇಕಿತ್ತು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಕಾಯಿಲ್ ಸುಟ್ಟಿದೆ ನೋಡು, ಆಗಲೇ ಸುಟ್ಟು ಮುಚ್ಚಿ ಕೊಟ್ಟಿದ್ದಾರೆ ಎಂದು ಕಪ್ಪಾದ ಸುರುಳಿಯನ್ನು ಅವನ ಮುಖಕ್ಕೆ ಹಿಡಿದೆ.

ತಮ್ಮ ಸಾಧು. ಆದರೆ ಗಿಟಾರ್ ವಿಷಯಕ್ಕೆ ಬಂದರೆ ನಮ್ಮ ವಂಶದ ಸಿಟ್ಟು ಅವನಿಗೂ ಬರುತ್ತದೆ. ಅಲ್ಲೇ ಫೋನು ತೆಗೆದು, ಸ್ಪೀಕರಿಗೆ ಹಾಕಿ, ನಂಬಿ ಕೊಟ್ಟರೆ ಸುಟ್ಟಾಕ್ಬುಟ್ರಲ್ಲ ಸಾಹೇಬ್ರೇ ಎಂದು ಕೂಗಾಡಿದ. ನಾನು ಆ ಕಾಯಿಲ್ ಮುಟ್ಟೇ ಇಲ್ಲವಲ್ಲಪ್ಪ, ತಗೊಂಡು ಬಾ ನೋಡೋಣ ಎಂದರು ಅವರು, ಸಮಾಧಾನವಾಗಿ.

‘ನಮ್ಮಕ್ಕ ನೋಡಿ ಹೇಳ್ತಾವ್ಳೆ. ನಮ್ಮಕ್ಕ ಸುಳ್ ಹೇಳ್ತಾಳಾ?’ ಎಂದ ಇವನು.

ಸಾಹೇಬರು, ‘ಅಕ್ಕ ಹೇಳಿದ್ಲಾ? ಆಯ್ತು ಬಿಡಪ್ಪ’ ಎಂದು ಫೋನು ಇಟ್ಟರು.

ತಮ್ಮ ಅಷ್ಟಕ್ಕೇ ಬಿಡಲಿಲ್ಲ. ನಾಲ್ಕು ತಾಲ್ಲೂಕಿನ ಆರ್ಕೆಸ್ಟ್ರಾದವರ ವಾಟ್ಸಾಪ್ ಗುಂಪಿಗೆ ಅದನ್ನೇ ಹಾಕಿದ. ಇನ್ನು ಅವರ ಹತ್ತಿರ ಏನೂ ಕೊಡಬೇಡಿ, ವಯಸ್ಸಾಯಿತು, ಕೈ ನಿಲ್ಲುವುದಿಲ್ಲ ಎಂದು. ಬೇಡ ಕಣ್ಲಾ ಎನ್ನುವಷ್ಟರಲ್ಲಿ ಕಳಿಸಿಬಿಟ್ಟಿದ್ದ. ‘ನೀನೇ ಸುತ್ತಿಕೊಡಕ್ಕ, ಭಾನುವಾರದೊಳಗೆ’ ಎಂದು ಹೇಳಿ ಹೊಳವನಹಳ್ಳಿ ಬಸ್ಸು ಹತ್ತಿದ. ನನ್ನ ಟೀ ಆರಿಹೋಗಿತ್ತು.

ಗುರುವಾರ ಇಡೀ ದಿನ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಎಂಥ ತಂತಿ ಬೇಕೆಂದು ಮೊಬೈಲಿನಲ್ಲಿ ಹುಡುಕಿದೆ. ನಲವತ್ತೆರಡನೇ ನಂಬರು ಎಂದಿತ್ತು. ತುಮಕೂರಿನ ಅಂಗಡಿಗೆ ಫೋನು ಮಾಡಿ, ಬಸ್ಸಿನ ಕಂಡಕ್ಟರ್ ಕೈಲಿ ತರಿಸಿಕೊಂಡೆ. ನನ್ನ ಸುತ್ತುವ ಯಂತ್ರ ದಪ್ಪ ತಂತಿಯದು. ಹಿಡಿ ತಿರುಗಿಸಿದರೆ ಹಗ್ಗ ಎಳೆದ ಹಾಗೆ ಎಳೆಯುತ್ತದೆ. ಇನ್ನೂರು ಸುತ್ತಿಗೆ ಪಟ್ ಎಂದು ತುಂಡಾಯಿತು. ಬೆಸೆದು ಮತ್ತೆ ಶುರು ಮಾಡಿದರೆ ಮುನ್ನೂರಕ್ಕೆ ಮತ್ತೆ ತುಂಡು. ಹೊರಗೆ ಗೌಡಗೆರೆಯವನು ಮೋಟಾರು ಇಳಿಸಿಕೊಂಡು ಕೂತಿದ್ದ. ಏನಮ್ಮ, ಕೂದಲು ಸುತ್ತುತಾ ಇದ್ದೀರಿ ಎಂದ. ಅವನನ್ನು ನೋಡಿದ ನೋಟಕ್ಕೆ ಅವನು ಬೀಡಿ ಸೇದುವ ನೆಪ ಮಾಡಿಕೊಂಡು ಎದ್ದುಹೋದ.

ಹೇಗೋ ಮಾಡಿ ಸುತ್ತಿದೆ. ಬೇಕಾದ ಸುತ್ತಿನಲ್ಲಿ ಅರ್ಧಕ್ಕೂ ಮೊದಲೇ ಡಬ್ಬಿ ತುಂಬಿಹೋಯಿತು. ಮತ್ತೆ ಮೊಬೈಲು ನೋಡಿದರೆ, ಅದು ಅಮೆರಿಕದವರ ನಲವತ್ತೆರಡಂತೆ. ನಮ್ಮ ಅಂಗಡಿಗಳ ಲೆಕ್ಕದಲ್ಲಿ ಅದು ನಲವತ್ತಾರು. ಅವರ ಮನೆ ಹಾಳಾಗ, ಒಂದು ತಂತಿಗೆ ಎರಡು ಲೆಕ್ಕ ಯಾಕೆ ಇಡಬೇಕು? ಇರಲಿ ಎಂದು ವೈರನ್ನು ಸುಮ್ಮನೆ ಸುತ್ತಿ ಗಿಟಾರಿಗೆ ಸೇರಿಸಿ, ಅಂಗಡಿಯ ಹಳೇ ಆಂಪ್ಲಿಫೈಯರಿಗೆ ಹಾಕಿ ನೋಡಿದೆ. ಕಿವಿಯ ಹತ್ತಿರ ಸೊಳ್ಳೆ ಬಂದಷ್ಟು ಸದ್ದು ಬಂತು. ಸುತ್ತಿದ್ದನ್ನೆಲ್ಲ ಕಿತ್ತು ಬಿಸಾಕಿದೆ. ಅಳು ಬರುವ ಹಾಗಾಯಿತು, ಅದಕ್ಕಿಂತ ಜಾಸ್ತಿ ನನ್ನ ಮೇಲೇ ಸಿಟ್ಟು ಬಂತು. ಇಂಥ ಕೂದಲೆಳೆಯ ಕೆಲಸ ಬರುವುದು ನಾಲ್ಕು ತಾಲ್ಲೂಕಿನಲ್ಲಿ ಒಬ್ಬರಿಗೇ ಎಂದು ನನಗೆ ಬೆಳಗಿನಿಂದಲೇ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಪಿಕಪ್ಪನ್ನು ಒಂದು ಕುಂಕುಮದ ಡಬ್ಬಿಯಲ್ಲಿ ಹಾಕಿಕೊಂಡು ಶಿರಾ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಸಾಹೇಬರು ಒಬ್ಬರೇ ಕೂತಿದ್ದರು. ಬಾ ಎಂದರು, ಕೂರು ಎಂದರು, ಬೇರೇನೂ ಕೇಳಲಿಲ್ಲ. ಡಬ್ಬಿ ಕೊಟ್ಟೆ. ಕಣ್ಣಿಗೆ ವಾಚ್ ರಿಪೇರಿಯವರ ದುರ್ಬೀನು ಹಚ್ಚಿ, ಸೊಟ್ಟಗಾದ ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ದುರ್ಬೀನು ತೆಗೆಯದೇ ಕೇಳಿದರು.

‘ಎಷ್ಟು ವ್ಯಾಟಿನ ಬಲ್ಬು?’

‘ಇನ್ನೂರು’ ಎಂದೆ.

ನನ್ನ ತಪ್ಪೊಪ್ಪಿಗೆ ಅಷ್ಟೇ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಿ ಹಗುರಾಗುತ್ತಿದ್ದೆ. ಅವರು ಸೊಟ್ಟ ಅಂಚಿಗೆ ಮದುವೆ ಕಾರ್ಡಿನ ರಟ್ಟು ಕತ್ತರಿಸಿ ಅಂಟಿಸುತ್ತಾ ಕೂತರು. ಗೋಡೆಯ ಕಪಾಟಿನಲ್ಲಿ ಎರಡು ಕಡೆ ಧೂಳಿಲ್ಲದ ಚೌಕಗಳಿದ್ದವು. ಅಲ್ಲೇನಿತ್ತು ಎಂದು ಸುಮ್ಮನಿರಲಾರದೆ ಕೇಳಿದೆ.

‘ಆಂಪ್ಲಿಫೈಯರು. ನಿನ್ನೆ ಬಂದು ವಾಪಸ್ ಎತ್ಕೊಂಡ್ ಹೋದ್ರು, ಇಬ್ರೂ. ಒಂದು ರಿಪೇರಿ ಆಗೇ ಇತ್ತು. ಹಾಕಿ ಕೂಡ ನೋಡ್ಲಿಲ್ಲ.’

ಈಗಲೇ ತಮ್ಮನಿಗೆ ಹೇಳುತ್ತೇನೆ ಎಂದು ಫೋನು ತೆಗೆದೆ. ಅವರು ಬೇಡ ಎಂದು ಕೈ ಎತ್ತಿದರು. ಭಾನುವಾರ ಅವನು ನುಡಿಸಬೇಕು, ಈಗ ಹೇಳಿದರೆ ತಲೆಯಲ್ಲಿ ಅದೇ ಕೊರೆಯುತ್ತದೆ, ಬೆರಳು ತಪ್ಪುತ್ತದೆ, ಸೋಮವಾರ ಹೇಳು ಎಂದರು. ಹಾಗಾದರೆ ನೀವು ಫೋನಿನಲ್ಲೇ ಯಾಕೆ ವಾದ ಮಾಡಲಿಲ್ಲ ಎಂದು ಅವರ ಮೇಲೇ ರೇಗಿದೆ. ಅವರಿಗೆ ನಗು ಬಂತು.

‘ನಿಮ್ಮಪ್ಪನ ತಲೆ ಮೇಲೆ ನಾನು ಎಷ್ಟು ಹಾಕಿದ್ದೀನಿ ಗೊತ್ತಾ ಬೇಟಿ? ಮಧುಗಿರಿಯಿಂದ ಏನು ಬಂದ್ರೂ, ಅದಕ್ಕೇ ಮತ್ತೆ, ಅಂತಿದ್ದೆ. ನಿಮ್ಮಪ್ಪನೂ ಅಂಗೇ ಅಂತಿದ್ದ. ಇಬ್ರೂ ಸಿಕ್ಕಿದಾಗ ಟೀ ಕುಡೀತಿದ್ವಿ. ಆದ್ರೆ ಆವಾಗ ಈ ವಾಟ್ಸಾಪ್ ಇರ್ಲಿಲ್ಲ ನೋಡು.’

ಬೀರುವಿನ ಒಳಗಿನಿಂದ ಒಂದು ಪುಟ್ಟ ರೀಲು ತೆಗೆದರು. ಎಂದೋ ಮೈಕಿನ ಕಾಯಿಲ್ ಸುತ್ತಲೆಂದು ತರಿಸಿಟ್ಟುಕೊಂಡಿದ್ದ ತಂತಿ. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಮರಕ್ಕೆ ತೂತು ಹಾಕುವ ಕೈ ಡ್ರಿಲ್ಲನ್ನು ಮೇಜಿಗೆ ಬಿಗಿದು, ಅದರ ಮೂತಿಗೆ ಪಿಕಪ್ಪಿನ ಡಬ್ಬಿ ಸಿಕ್ಕಿಸಿದರು. ಹಿಡಿ ಒಂದು ಸಲ ತಿರುಗಿದರೆ ಡಬ್ಬಿ ನಾಲ್ಕು ಸಲ ತಿರುಗುತ್ತದೆ. ತಂತಿಯನ್ನು ಅವರು ಎರಡು ಬೆರಳ ನಡುವೆ ಬಟ್ಟೆ ಚೂರಿನಲ್ಲಿ ಹಿಡಿದು ದಾರಿ ತೋರಿಸಬೇಕು, ಹಿಡಿಯನ್ನು ನಾನು ತಿರುಗಿಸಬೇಕು. ಎರಡು ಸಾವಿರ ಸಲ. ನೂರಾದಾಗಲೆಲ್ಲ ಪಕ್ಕದ ಬಟ್ಟಲಿಗೆ ಒಂದು ಹುಣಸೆ ಬೀಜ ಹಾಕಬೇಕು.

ನಾನು ಶುರು ಮಾಡಿದ್ದೇ ತಡ, ‘ಗಾಣ ಅಂದ್ಕೊಂಡ್ಯಾ? ಮೆಲ್ಲಗೆ’ ಎಂದರು. ಮೆಲ್ಲಗೆ ತಿರುಗಿಸಿದೆ. ಇನ್ನೂ ಮೆಲ್ಲಗೆ ಎಂದರು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಓಡಾಡುವವಳು ನಾನು. ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕುವವರೆಗೂ ನಿಲ್ಲಲಾರೆ. ಮೂರನೇ ಬೀಜಕ್ಕೆ ಭುಜ ನೋಯಿತು, ಏಳನೆಯದಕ್ಕೆ ಮೈಯೆಲ್ಲ ಉರಿಯಿತು, ಹತ್ತನೆಯದಕ್ಕೆ ಈ ತಮ್ಮನೂ ಬೇಡ, ಗಿಟಾರೂ ಬೇಡ ಅನ್ನಿಸಿತು. ನಡುವೆ ಒಂದು ಸಲ ನನ್ನ ಫೋನು ಬಡಿದುಕೊಂಡಿತು. ಸಾಹೇಬರು ತಂತಿಯಿಂದ ಕಣ್ಣು ತೆಗೆಯದೇ, ತಗೋತೀಯಾ, ಹೋಗು, ಅಲ್ಲಿಗೆ ಹೋಗಿ ಜಗಳ ಆಡು, ಇಲ್ಲಿ ಸುಡ್ತದೆ ಎಂದರು. ಫೋನಿನ ಕತೆ ನಾನು ಅವರಿಗೆ ಹೇಳಿರಲೇ ಇಲ್ಲ. ನನ್ನ ಸ್ವಭಾವ ಅಷ್ಟು ಪ್ರಸಿದ್ಧವಾಗಿದೆ. ಫೋನು ಮುಟ್ಟಲಿಲ್ಲ.

ಇಪ್ಪತ್ತು ಬೀಜ ಬಟ್ಟಲಿಗೆ ಬಿದ್ದವು. ಒಂದು ಸಲವೂ ತಂತಿ ತುಂಡಾಗಲಿಲ್ಲ. ಕರಗಿಸಿದ ಮೇಣದಲ್ಲಿ ಅದ್ದಿ, ಆರಿಸಿ, ಮೀಟರಿನಲ್ಲಿ ಹಿಡಿದು ತೋರಿಸಿದರು. ಮೀಟರಿನಲ್ಲಿ, ನೋಡಿಕೋ, ಎಂದು ಎರಡು ಸಲ ಹೇಳಿದರು.

ಶನಿವಾರ ಗಿಟಾರಿಗೆ ಕೂರಿಸಿ, ಜೋತಾಡುತ್ತಿದ್ದ ಕರಿ ವೈರಿಗೆ ಆ ಒಂದು ಚುಕ್ಕೆ ಬೆಸುಗೆ ಹಾಕಿದೆ. ತಮ್ಮ ಬಂದು ನುಡಿಸಿ ನೋಡಿ, ಅಂಗಡಿಯಲ್ಲೇ ನನ್ನ ಕಾಲಿಗೆ ಬಿದ್ದುಬಿಟ್ಟ. ಎದ್ದೇಳೋ ಹಾಳಾದೋನೆ ಎಂದು ಬೈದೆ. ನಾಳೆ ನೀನೂ ಬರಲೇಬೇಕು ಎಂದು ಪಟ್ಟು ಹಿಡಿದ.

ಪಾವಗಡದ ಬೀಗರೂಟ ಮಧ್ಯಾಹ್ನಕ್ಕೆ. ಶಾಮಿಯಾನದಡಿ ಒಂದು ಕಡೆ ಪಂಕ್ತಿ, ಇನ್ನೊಂದು ಕಡೆ ತಂಡ. ಒಂದು ಕನ್ನಡ ಹಾಡಿಗೆ ಎರಡು ತೆಲುಗು ಹಾಡು ಕೇಳುವ ಜನ ಅಲ್ಲಿಯವರು. ಮೊದಲ ಹಾಡಿಗೆ ನಾನು ಮುದ್ದೆ ಮುರಿದವಳು ಹಾಗೇ ಕೂತೆ. ಗಿಟಾರ್ ನುಡಿಯಿತು. ಹೀಗೆ ನುಡಿದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಒಂದೊಂದು ಸ್ವರವೂ ತೊಳೆದಿಟ್ಟ ಹಾಗೆ ಬೇರೆ ಬೇರೆ ಬಂತು. ಮೂರನೇ ಹಾಡಿಗೆ ಯಜಮಾನ ಕೀಬೋರ್ಡಿನವನಿಗೆ ನೀನು ಸುಮ್ಮನಿರು ಎಂದು ಸನ್ನೆ ಮಾಡಿದ. ನನ್ನ ಪಕ್ಕದಲ್ಲಿ ಉಣ್ಣುತ್ತಿದ್ದ ಅಜ್ಜಿ, ಬಾಗ ವಾಯಿಸ್ತಾಡಮ್ಮ, ಚೆನ್ನಾಗಿ ನುಡಿಸ್ತಾನೆ ಎಂದು ತೆಲುಗಿನಲ್ಲಿ ಮೆಚ್ಚಿದಳು. ನನ್ನ ತಮ್ಮ ಎಂದೆ. ಹೆಮ್ಮೆಯಿಂದಲೇ ಎಂದೆ.

ಉಣ್ಣುವುದು ಮರೆತು ಎಲೆಯ ಮುಂದೆ ನಾನು ಕೇಳುತ್ತಾ ಕೂತಿದ್ದಂತೆಯೇ ಕೊನೆಯ ಹಾಡೂ ಮುಗಿಯಿತು. ಯಜಮಾನ ತಮ್ಮನ ಬೆನ್ನು ತಟ್ಟಿ, ಮುಂದಿನ ಕಾರ್ಯಕ್ರಮ ಶಿರಾದಲ್ಲಿ, ಹದಿನೈದು ದಿನಕ್ಕೆ, ನೀನಿರಬೇಕು ಎಂದ. ಇಷ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು. ನನ್ನ ತಮ್ಮ ಮೈಕು ಕಿತ್ತುಕೊಂಡ.

‘ಈ ಗಿಟಾರನ್ನ ಸಿರಾದಲ್ಲಿ ಒಬ್ರು ಸುಟ್ಟು ಹಾಳು ಮಾಡಿದ್ರು. ಜೀವ ಕೊಟ್ಟಿದ್ದು ನಮ್ಮಕ್ಕ. ಅಲ್ಲಿ ಊಟಕ್ಕೆ ಕೂತವ್ಳೆ ನೋಡಿ’ ಎಂದ.

ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿ ಚಪ್ಪಾಳೆ ಹೊಡೆದರು. ಎಂಜಲು ಕೈಯಲ್ಲೂ ಹೊಡೆದರು. ಸೋಮವಾರ ಅಂದಿದ್ದರು ಸಾಹೇಬರು. ಸೋಮವಾರದವರೆಗೆ ಇದನ್ನು ಹೊತ್ತುಕೊಂಡಿರಲು ನನ್ನಿಂದಾಗಲಿಲ್ಲ. ಕೈ ತೊಳೆದು ಹೋದೆ. ತಮ್ಮ ನಗುತ್ತಾ ವೈರು ಸುತ್ತುತ್ತಿದ್ದ. ಸುಟ್ಟಿದ್ದು ನಾನು, ಸರಿಮಾಡಿದ್ದು ಸಾಹೇಬರು ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವನು ಬೈಯಲಿಲ್ಲ. ವೈರು ಸುತ್ತುವುದನ್ನು ನಿಲ್ಲಿಸಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತ.

‘ನಿನ್ ಮಾತು ನಂಬಿ ಆ ವಯಸ್ಸಾದೋರಿಗೆ ಏನೇನೋ ಅಂದ್ಬುಟ್ಟೆ ಕಣಕ್ಕ’ ಎಂದ. ಆಮೇಲೆ, ‘ಮೈಕಲ್ಲಿ ಹೇಳಿದ್ದನ್ನ ಮೈಕಲ್ಲೇ ವಾಪಸ್ ತಗೋಬೇಕು. ನಾನಲ್ಲ, ನೀನು’ ಎಂದ.

ಹದಿನೈದು ದಿನ ನನ್ನ ಜತೆ ಮಾತಾಡಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ತಪ್ಪಾಯಿತು ಎಂದು ಹಾಕಿದ್ದನಂತೆ; ಗುಂಪಿನವರು ಅದನ್ನು ನಂಬಲಿಲ್ಲ, ಮುದುಕರು ಗೋಗರೆದಿರಬೇಕು ಎಂದುಕೊಂಡರಂತೆ. ನನಗೆ ಒಂದೇ ಒಂದು ಮೆಸೇಜು ಬಂತು: ಶಿರಾ, ರಿಸೆಪ್ಶನ್, ಸಂಜೆ ಐದಕ್ಕೆ, ಬಾ.

ಹೋದೆ. ಹೋಗದೆ ಏನು ಮಾಡಲಿ? ಮುಂದಿನ ಸಾಲಿನ ಕುರ್ಚಿಯಲ್ಲಿ ಸಾಹೇಬರು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ. ತಮ್ಮನೇ ಸ್ಕೂಟರಿನಲ್ಲಿ ಕರೆತಂದಿದ್ದ. ಅವರ ಹಿಂದೆ ಬೇರೆ ಬೇರೆ ತಂಡಗಳ ಏಳೆಂಟು ಜನ ನಿಂತಿದ್ದರು. ಅವರನ್ನೂ ಇವನೇ ಕರೆಸಿದ್ದು. ಎರಡು ಹಾಡು ಮುಗಿದ ಮೇಲೆ ತಮ್ಮ ಗಿಟಾರ್ ಕೆಳಗಿಟ್ಟು, ಏನೂ ಹೇಳದೆ, ಮೈಕನ್ನು ನನ್ನ ಕಡೆ ಚಾಚಿದ. ಮದುಮಗಳು, ಮದುಮಗ, ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತವರು, ಎಲ್ಲರೂ ಇವಳ್ಯಾರು ಹಾಡುವವಳು ಎಂದು ನೋಡಿದರು. ವೇದಿಕೆಗೆ ಮೂರೇ ಮೆಟ್ಟಿಲು. ಹತ್ತುವಷ್ಟರಲ್ಲಿ ಬೆವತುಹೋದೆ.

‘ಈ ಗಿಟಾರ್ ಸುಟ್ಟಿದ್ದು ನಾನು. ರಿಪೇರಿ ಮಾಡಿದ್ದು ಸಾಹೇಬ್ರು. ಅವರ ಮೇಲೆ ನಾನು ಸುಳ್ಳು ಹೇಳಿದೆ’ ಎಂದೆ. ಬೇಗ ಬೇಗ ಹೇಳಿದೆ. ಹೇಳಿ ಮೈಕು ಕೊಡಲು ತಿರುಗಿದೆ.

ಸಾಹೇಬರು ಕಿವಿಯ ಹಿಂದೆ ಕೈ ಇಟ್ಟರು. ಅವರ ಕಿವಿ ನನಗೆ ಗೊತ್ತು. ಅಂಗಡಿಯಲ್ಲಿ ಕೂತು, ಸಂದಿಯ ಆ ತುದಿಯಲ್ಲಿ ಕರಕರ ಎನ್ನುವ ಸ್ಪೀಕರಿನ ಯಾವ ವೈರು ಸಡಿಲವಾಗಿದೆ ಎಂದು ಹೇಳುವ ಕಿವಿ ಅದು.

‘ಸರಿಯಾಗಿ ಕೇಳಿಸ್ಲಿಲ್ಲ ಬೇಟಿ’ ಎಂದರು. ‘ಇನ್ನೊಂದು ಸಲ ಹೇಳು. ಮೆಲ್ಲಗೆ.’

ಇನ್ನೊಂದು ಸಲ ಹೇಳಿದೆ. ಮೆಲ್ಲಗೆ, ಒಂದೊಂದು ಮಾತನ್ನೂ ಬಿಡಿಸಿ, ಹಿಂದೆ ನಿಂತ ಏಳೆಂಟು ಜನಕ್ಕೂ ಕೇಳುವ ಹಾಗೆ, ಇನ್ನೂರು ವ್ಯಾಟಿನ ಬಲ್ಬನ್ನೂ ಸೇರಿಸಿ.